ಶೇಂಗಾ ಸೀಮೆಯಲ್ಲಿ ಸಿರಿಯ ಜೊತೆ

ಹುಬ್ಬಳ್ಳಿಯಲ್ಲಿ ಶಿಗ್ಗಾವಿಯ ಬಸ್ಸು ಹತ್ತಿದಾಗ ನಮ್ಮ ಹತ್ತಿರ ಮೂರು ಚೀಲಗಳಿದ್ದವು. ಒಂದರಲ್ಲಿ ತಮ್ಮನ ಮದುವೆಯ ಪತ್ರಿಕೆಗಳು ಮತ್ತು ಕುಂಕುಮದ ಭರಣಿ, ಇನ್ನೊಂದರಲ್ಲಿ ಬಟ್ಟೆಬರೆ. ಎಲ್ಲಕ್ಕಿಂತ ದೊಡ್ಡದಾದ ಮೂರನೆಯದು ನನ್ನ ನಾಲ್ಕು ವರ್ಷದ ಮಗಳು ಸಿರಿಯದು. ಅದರಲ್ಲಿ ಅವಳ ತಟ್ಟೆ, ಲೋಟ, ಚಮಚ, ಎರಡು ದಿನದ ಊಟ, ಔಷಧಿ ಇದ್ದವು. ಅವ್ವ ಅದನ್ನು ಎತ್ತಿ ನೋಡಿ, "ನಾವು ಲಗ್ನಕ್ಕ ಕರ್ಯಾಕ ಹೊಂಟೇವೋ, ದಂಡಿಗೆ ಹೊಂಟೇವೋ?" ಎಂದಳು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಆಧಾರ್ ಕಾರ್ಡು ತೋರಿಸಿ, ಕಿಟಕಿಯ ಪಕ್ಕ ಮಗಳನ್ನು ಕೂರಿಸಿ, ಚೀಲವನ್ನು ಕಾಲಿನ ನಡುವೆ ಭದ್ರವಾಗಿ ಇಟ್ಟುಕೊಂಡೆ.

ಸಿರಿಗೆ ಶೇಂಗಾ ಆಗುವುದಿಲ್ಲ. ನಾನೀಗ ಇರುವ ಮೈಸೂರಿನಲ್ಲಿ ಅದನ್ನು ಕಡಲೆಕಾಯಿ ಎನ್ನುತ್ತಾರೆ. ಒಂದೂವರೆ ವರ್ಷದವಳಿದ್ದಾಗ ಯಾರೋ ಪ್ರೀತಿಯಿಂದ ಕೊಟ್ಟ ಚಿಕ್ಕಿಯ ಒಂದು ಚೂರಿಗೆ ಅವಳ ಮುಖ ಊದಿ ಉಸಿರು ಸಿಳ್ಳೆ ಹೊಡೆಯತೊಡಗಿತ್ತು. ಆಸ್ಪತ್ರೆಯಲ್ಲಿ ಕಳೆದ ಆ ಒಂದು ಗಂಟೆಯನ್ನು ನಾನು ಸಾಯುವವರೆಗೆ ಮರೆಯಲಾರೆ. ಅಂದಿನಿಂದ ಶೇಂಗಾ ಬೇಡ, ಶೇಂಗಾ ಎಣ್ಣೆ ಬೇಡ, ಶೇಂಗಾ ಕುಟ್ಟಿದ ಪಾತ್ರೆಯಲ್ಲಿ ಮಾಡಿದ್ದೂ ಬೇಡ. ತುರಿಕೆ ಎದ್ದರೆ ಕುಡಿಸಲು ಒಂದು ಸಿರಪ್, ಉಸಿರು ಕಟ್ಟಿದರೆ ತೊಡೆಗೆ ಚುಚ್ಚಲು ಇಂಜೆಕ್ಷನ್ ಸದಾ ನನ್ನ ಜೊತೆ ಇರುತ್ತವೆ.

ಮೈಸೂರಿನಲ್ಲಿ ಹೇಗೋ ನಡೆಯುತ್ತದೆ. ಆದರೆ ನನ್ನ ತವರಿನ ಸೀಮೆಯಲ್ಲಿ ಪಲ್ಯಕ್ಕೆ ಶೇಂಗಾ, ಚಟ್ನಿಗೆ ಶೇಂಗಾ, ಹಬ್ಬಕ್ಕೆ ಶೇಂಗಾ ಹೋಳಿಗೆ, ಮದುವೆಗೆ ಶೇಂಗಾ ಉಂಡಿ. ಹಾಗಾಗಿ ತಮ್ಮನ ಮದುವೆಗೆ ಸಿರಿಯನ್ನು ಅವಳ ಅಪ್ಪನ ಹತ್ತಿರ ಮೈಸೂರಿನಲ್ಲೇ ಬಿಟ್ಟು ನಾನೊಬ್ಬಳೇ ಬರುತ್ತೇನೆ ಎಂದು ಹೇಳಿದ್ದೆ. ಅವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ರಾಜಿಯಾಯಿತು. ಶಿಗ್ಗಾವಿ, ಸವಣೂರು, ಹಾನಗಲ್, ಹಿರೇಕೆರೂರು, ಈ ನಾಲ್ಕು ಊರುಗಳ ನೆಂಟರನ್ನು ಕರೆಯಲು ಸಿರಿಯೂ ಬರಬೇಕು. ಸುಸೂತ್ರವಾಗಿ ದಾಟಿದರೆ ಮದುವೆಗೂ ಬರುತ್ತಾಳೆ, ಇಲ್ಲದಿದ್ದರೆ ಇಲ್ಲ.

ದೀಪಾವಳಿ ಮುಗಿದಿತ್ತು. ಶಿಗ್ಗಾವಿಯ ದಾರಿಯುದ್ದಕ್ಕೂ ರಸ್ತೆಯ ಅಂಚಿಗೆ ಗೋವಿನಜೋಳ ಒಣಹಾಕಿದ್ದರು. ಸಿರಿ ಅದನ್ನು ನೋಡಿ "ಹಳದಿ ರಸ್ತೆ" ಎಂದಳು. ಶಿಗ್ಗಾವಿಯಲ್ಲಿ ನನ್ನ ಸೋದರಮಾವನ ಮನೆ. ಕುಂಕುಮ ಹಚ್ಚಿ ಕರೆಯಲು ಬಂದವರನ್ನು ಬರೀ ಬಾಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅದರಲ್ಲೂ ಮಕ್ಕಳು ಬಂದರಂತೂ ಮುಗಿಯಿತು. ಅವ್ವ ಹಿಂದಿನ ದಿನವೇ ನಾಲ್ಕೂ ಮನೆಗೆ ಫೋನು ಮಾಡಿ ಸಿರಿಯ ವಿಷಯ ಹೇಳಿದ್ದಳು. ಮಾವನ ಹೆಂಡತಿ ಬದನೆಕಾಯಿ ಪಲ್ಯ ತಂದಿಟ್ಟು ಹೆಮ್ಮೆಯಿಂದ ನಿಂತರು.

"ಹೆದರಬ್ಯಾಡವಾ, ಇದರಾಗ ಶೇಂಗಾ ಒಂದೂ ಇಲ್ಲ. ಬರೇ ಪುಡಿ ಹಾಕೇನಿ."

"ಯಾವ ಪುಡಿರಿ ಮಾಮಿ?"

"ಶೇಂಗಾ ಪುಡಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಕಡೆ ಶೇಂಗಾ ಎಂದರೆ ಕಾಳು. ಪುಡಿಯಾದ ಮೇಲೆ ಅದು ಉಪ್ಪು, ಖಾರದ ಹಾಗೆ, ಲೆಕ್ಕಕ್ಕೇ ಇಲ್ಲ. ನಾನು ಸಿರಿಯ ಡಬ್ಬಿ ತೆಗೆದು ಮೊಸರನ್ನ ತಿನ್ನಿಸಿದೆ. ಮಾಮಿಗೆ ಬೇಸರವಾಯಿತು, ಆದರೂ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸಿದರು. "ಶೇಂಗಾ ತಿನ್ನದ ಕೂಸು ಐತಿ ಅಂತ ಇವತ್ತ ನೋಡಿದೆ" ಎಂದು ಮೂರು ಸಲ ಹೇಳಿದರು.

ಮಧ್ಯಾಹ್ನದ ಬಸ್ಸಿಗೆ ಸವಣೂರಿಗೆ ಹೋದೆವು. ಬಿಸಿಲು ಚುರುಕಾಗಿತ್ತು. ಅಲ್ಲಿನ ಮಠವೊಂದರ ಆವರಣದಲ್ಲಿರುವ ದೈತ್ಯ ಮರಗಳನ್ನು ಸಿರಿಗೆ ತೋರಿಸಬೇಕೆಂದು ನಾನೇ ಹಟ ಹಿಡಿದಿದ್ದೆ. ಊರವರು ದೊಡ್ಡ ಹುಣಸೆ ಎನ್ನುತ್ತಾರೆ, ಆದರೆ ಅವು ಹುಣಸೆಯಲ್ಲ, ಎಲ್ಲಿಂದಲೋ ಬಂದು ಇಲ್ಲಿಯವೇ ಆಗಿಹೋದ ಮರಗಳು. ಮೂವರೂ ಕೈ ಕೈ ಹಿಡಿದು ಅಪ್ಪಿದರೂ ಬುಡದ ಒಂದು ಮಗ್ಗುಲಿಗೆ ಸಾಲಲಿಲ್ಲ. ಸಿರಿ ಖುಷಿಯಿಂದ ಕುಣಿದಳು. ನನಗೂ ಒಂದು ಊರು ದಾಟಿದ ಧೈರ್ಯ ಬಂದಿತ್ತು.

ಸವಣೂರಿನಲ್ಲಿ ನನ್ನ ಅಪ್ಪನ ಅಕ್ಕ ಗೌರವ್ವತ್ತಿಯ ಮನೆ. ನಾನೂ ಅವ್ವನೂ ದೇವರ ಮನೆಯಲ್ಲಿ ಪತ್ರಿಕೆ ಇಟ್ಟು ಕೈ ಮುಗಿದು ಹೊರಗೆ ಬರುವಷ್ಟರಲ್ಲಿ ಸಿರಿ ಪಡಸಾಲೆಯಲ್ಲಿ ಒಗ್ಗರಣೆ ಹಾಕಿದ ಚುರಮರಿ, ಅಂದರೆ ಮಂಡಕ್ಕಿ, ತಿನ್ನುತ್ತಿದ್ದಳು. ಎದುರಿಗೆ ಅತ್ತೆ ಕನ್ನಡಕ ಹಾಕಿಕೊಂಡು ಕೂತಿದ್ದರು. ಅವರ ಮಗ್ಗುಲ ಬಟ್ಟಲಿನಲ್ಲಿ ಒಂದು ಹಿಡಿ ಶೇಂಗಾ ಕಾಳು.

"ಹಸದಿತ್ತವಾ ಕೂಸು. ಶೇಂಗಾ ಎಲ್ಲಾ ಆರಿಸಿ ತಗದ ಕೊಟ್ಟೇನಿ, ನೋಡು. ಒಂದ ಕಾಳೂ ಬಿಟ್ಟಿಲ್ಲ."

ನಾನು ತಟ್ಟೆ ಕಸಿದುಕೊಂಡೆ. ಸ್ವಲ್ಪ ಹೊತ್ತಿನಲ್ಲೇ ಕುತ್ತಿಗೆಯ ಮೇಲೆ ಕೆಂಪು ದದ್ದುಗಳೆದ್ದವು, ಕೆಳತುಟಿ ದಪ್ಪಗಾಯಿತು. ಸಿರಪ್ ಕುಡಿಸಿ, ಇಂಜೆಕ್ಷನ್ ಕೈಯಲ್ಲಿ ಹಿಡಿದು, ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ಅತ್ತೆ ಬರಿಗಾಲಲ್ಲೇ ಆಟೋ ಹತ್ತಿದ್ದರು. ದಾರಿಯುದ್ದಕ್ಕೂ ನಾನು ಅವರಿಗೆ ಆಡಬಾರದ ಮಾತನ್ನೆಲ್ಲ ಆಡಿದೆ.

ಡಾಕ್ಟರು ಏನು ತಿಂದಳು ಎಂದು ಕೇಳಿದರು. ಅತ್ತೆಯೇ ಮುಂದೆ ಬಂದರು. "ನಾ ಕೊಟ್ಟೇನ್ರಿ. ಶೇಂಗಾ ಎಣ್ಣ್ಯಾಗ ಒಗ್ಗರಣಿ ಹಾಕಿದ ಚುರಮರಿ. ಶೇಂಗಾನೂ ಇದ್ದೂ, ಆರಿಸಿ ತಗದೆ. ಮೂರ ತುತ್ತು ತಿಂದಿರಬೇಕು. ಈಗ ಅರ್ಧಾ ತಾಸ ಆತು." ಮುಚ್ಚಿಡದೆ, ತನ್ನನ್ನು ಉಳಿಸಿಕೊಳ್ಳಲು ನೋಡದೆ, ಕೇಳಿದ್ದಕ್ಕೆಲ್ಲ ಹೇಳಿದರು. ಡಾಕ್ಟರು ಉಸಿರು ಪರೀಕ್ಷಿಸಿ, ಎದೆ ಸ್ವಚ್ಛವಾಗಿದೆ, ಆದರೂ ಸಂಜೆಯವರೆಗೆ ಇಲ್ಲೇ ಇರಲಿ ಎಂದರು. ನಾನು ತಂದ ಇಂಜೆಕ್ಷನ್ ಬೇಕಾಗಲಿಲ್ಲ. ಸಂಜೆ ಹೊತ್ತಿಗೆ ತುಟಿಯ ಬಾವು ಇಳಿದು ಸಿರಿ ನರ್ಸಿನ ಜೊತೆ ಕೈತಟ್ಟಿ ಆಡುತ್ತಿದ್ದಳು. ಆ ಡಾಕ್ಟರಿಗೆ, ಆ ನರ್ಸಿಗೆ, ಎಲ್ಲೂ ನಿಲ್ಲಿಸದೆ ಓಡಿಸಿದ ಆಟೋದವನಿಗೆ ನಾನು ಇಂದಿಗೂ ಋಣಿ.

ಅತ್ತೆ ಹೊರಗಿನ ಬೆಂಚಿನ ಮೇಲೆ ಫೋನಿನಲ್ಲಿ ಮಾತಾಡುತ್ತಿದ್ದರು. ಹಾನಗಲ್ಲಿಗೆ, ಆಮೇಲೆ ಹಿರೇಕೆರೂರಿಗೆ. "ಕಾಳ ಆರಿಸಿದರ ಆತು ಅನಕೊಂಡಿದ್ದೆ, ಹಂಗಲ್ಲ. ಎಣ್ಣೀನೂ ಆಗೂದಿಲ್ಲ, ಪಾತ್ರೀನೂ ಆಗೂದಿಲ್ಲ. ನಾ ತಪ್ಪ ಮಾಡಿದೆ, ನೀವ್ ಮಾಡಬ್ಯಾಡ್ರಿ." ಎಪ್ಪತ್ತು ದಾಟಿದ ಹೆಂಗಸು ತನ್ನ ತಪ್ಪನ್ನು ಹೀಗೆ ಬಳಗಕ್ಕೆಲ್ಲ ಸಾರುವುದನ್ನು ಕೇಳಿ ನನ್ನ ಸಿಟ್ಟು ಕರಗಿತು. ಅವರನ್ನು ಒಳಗೆ ಕರೆದುಕೊಂಡು ಬಂದೆ. ಸಿರಿ ಅವರ ತೊಡೆಯ ಮೇಲೆ ಮಲಗಿದಳು.

ಆದರೂ ಮರುದಿನ ಬೆಳಿಗ್ಗೆ ಹುಬ್ಬಳ್ಳಿಗೆ ಮರಳೋಣ, ಸಿರಿ ಮದುವೆಗೆ ಬರುವ ಮಾತು ಬೇಡ ಎಂದೆ. ಅವ್ವ ಜಗಳವಾಡಲಿಲ್ಲ. "ನಿನಗ ಹೆಂಗ ತಿಳಿತೈತಿ ಹಂಗ ಮಾಡವಾ. ಆದರ ಎರಡೂರು ಕರದು ಎರಡೂರು ಬಿಟ್ಟರ ಮಂದಿ ಏನಂತಾರ? ಪತ್ರಿಕಾ ಕೊಟ್ಟು ನಿಂತ ಕಾಲ ಮ್ಯಾಲ ಬರೂಣು" ಎಂದಳು. ಒಪ್ಪಿದೆ.

ಮರುದಿನ ಹಾವೇರಿಯಲ್ಲಿ ಬಸ್ಸು ಬದಲಿಸಿ ಹಾನಗಲ್ ತಲುಪಿದೆವು. ಕಾಕಾ, ಅಂದರೆ ಅಪ್ಪನ ತಮ್ಮ, ಬಸ್ ನಿಲ್ದಾಣಕ್ಕೇ ಬಂದು ನೇರವಾಗಿ ತಾರಕೇಶ್ವರ ಗುಡಿಗೆ ಕರೆದೊಯ್ದರು. ಸಿರಿ ತಣ್ಣನೆಯ ಕಲ್ಲಿನ ಮೇಲೆ ಅಂಗಾತ ಮಲಗಿ ಮೇಲ್ಛಾವಣಿಯ ಕಲ್ಲಿನ ಕಮಲವನ್ನು ನೋಡಿದಳು. ನಾವೂ ಪಕ್ಕದಲ್ಲಿ ಕೂತು ಕತ್ತೆತ್ತಿ ನೋಡಿದೆವು. ಕಾಕಾ ಇಷ್ಟು ಹೊತ್ತು ಗುಡಿಯಲ್ಲಿ ಕೂರಿಸಿದ್ದು ಯಾಕೆಂದು ಮನೆಗೆ ಹೋದ ಮೇಲೆ ತಿಳಿಯಿತು. ಅತ್ತೆಯ ಫೋನಿಗೆ ಹೆದರಿದ ಆ ಮನೆಯವರು ಒಲೆ ಹಚ್ಚಿರಲೇ ಇಲ್ಲ, ನಾವು ಬರುವುದರೊಳಗೆ ನೆಲ ಒರೆಸಿ ಮುಗಿಸಿದ್ದರು. ಪಡಸಾಲೆಯಲ್ಲಿ ಬಾಳೆಹಣ್ಣು, ಕಿತ್ತಳೆ, ಸೀತಾಫಲ, ಎಳನೀರು ಸಾಲಾಗಿ ಕೂತಿದ್ದವು.

"ಸಿಪ್ಪಿ ಇದ್ದದ್ದನ್ನಷ್ಟ ತಂದೇನಿ" ಎಂದರು ಕಾಕಾ. "ದೇವರ ಕಟ್ಟಿ ಕೊಟ್ಟಿದ್ದು. ಅದರಾಗ ನಮ್ಮ ಕೈ ಇಲ್ಲ."

ಮನೆಯ ಮಂದಿಯೆಲ್ಲ ಹಸಿದುಕೊಂಡೇ ನಮ್ಮನ್ನು ಮಾತಾಡಿಸಿದರು. ನಾವು ಬಸ್ಸು ಹತ್ತಿದ ಮೇಲೆಯೇ ಅವರ ಊಟವಾಗಿರಬೇಕು. ನಗು ಬಂದರೂ ಆ ಹೆದರಿಕೆಯ ಹಿಂದಿನ ಅಕ್ಕರೆ ಕಾಣುತ್ತಿತ್ತು. ಸಿರಿಯಂತೂ ಎರಡು ಸೀತಾಫಲ ಮುಗಿಸಿದಳು.

ಹಿರೇಕೆರೂರಿಗೆ ಬಸ್ಸು ಗೋವಿನಜೋಳದ ಟ್ರ್ಯಾಕ್ಟರುಗಳ ಹಿಂದೆ ನಿಧಾನವಾಗಿ ಸಾಗಿತು. ಅಲ್ಲಿ ಅವ್ವನ ತಂಗಿ ನೀಲವ್ವ ಚಿಗವ್ವನ ಮನೆ. ನಮ್ಮ ಬಳಗದ ಪ್ರತಿ ಮದುವೆಗೂ ಶೇಂಗಾ ಉಂಡಿ ಕಟ್ಟುವವಳು ಅವಳೇ. ಆ ಮನೆಯ ಹೊಸ್ತಿಲು ದಾಟುವುದೇ ಬೇಡ, ಹೊರಗಿನಿಂದಲೇ ಕರೆದು ಬರೋಣ ಎಂದು ನಾನು ತೀರ್ಮಾನಿಸಿದ್ದೆ. ಸಿರಿಯ ಡಬ್ಬಿಗಳೂ ಅಷ್ಟು ಹೊತ್ತಿಗೆ ಖಾಲಿಯಾಗಿದ್ದವು.

ಚಿಗವ್ವ ಬಾಗಿಲಲ್ಲೇ ನಿಂತಿದ್ದಳು. ಕಾಲಿಗೆ ನೀರು ಕೊಟ್ಟಳು, ಆದರೆ ಮಗುವನ್ನು ಎತ್ತಿಕೊಳ್ಳಲಿಲ್ಲ, ಮುಟ್ಟಲೂ ಇಲ್ಲ.

"ನಿನ್ನಿ ಮುಂಜಾನಿ ಶೇಂಗಾ ಹುರದಿದ್ದೆ. ಜಳಕಾ ಮಾಡೇನಿ, ಆದರೂ ಯಾಕ ಬೇಕು. ನೀ ಅಡಗಿ ಮನಿಗೆ ನಡಿ" ಎಂದಳು ನನಗೆ.

"ನಾ ಯಾಕ ಚಿಗವ್ವ?"

"ಇವತ್ತ ಒಲಿ ನಿಂದು, ತಿಕ್ಕಿ ತೊಳದಿಟ್ಟೇನಿ. ಹಂಚು ಹೊಸಾದ, ಹಿಟ್ಟು ನಾದೂ ಪರಾತ ಹೊಸಾದ. ಹಿಟ್ಟು ನಿನ್ನಿ ಬ್ಯಾರೆ ಬೀಸಿಸಿ ತಂದೇನಿ. ಬೆಲ್ಲದ ಪೆಂಟಿ ಒಡದಿಲ್ಲ, ನೀನ ಒಡಿ. ತುಪ್ಪ ನೀನ ಬೆಣ್ಣಿ ಕಾಸಿ ಮಾಡಕೋ."

ಚಿಗವ್ವ ತನ್ನ ಒಲೆಯ ಮುಂದೆ ಸ್ವಂತ ಸೊಸೆಯನ್ನೂ ಅಷ್ಟು ಸುಲಭವಾಗಿ ಕೂರಿಸಿದವಳಲ್ಲ. ಹಬ್ಬದ ದಿನ ಯಾರಾದರೂ ಸೌಟು ಹಿಡಿದರೆ ಕಸಿದುಕೊಳ್ಳುವವಳು. ಅಂಥವಳು ಅಡುಗೆಮನೆಯ ಹೊರಗೆ ಕೈ ಕಟ್ಟಿಕೊಂಡು ನಿಂತಳು. ಬಾಯಿ ಮಾತ್ರ ಕಟ್ಟಿಕೊಳ್ಳಲಿಲ್ಲ. "ನೀರ ಹಚ್ಚು, ನೀರ ಹಚ್ಚು! ಸೀದು ಹೋಗಾಕತ್ತೈತಿ! ಮೈಸೂರಿಗೆ ಹೋಗಿ ರೊಟ್ಟಿ ಬಡಿಯೂದ ಮರತ ಬಂದಿಯೇನ?" ನಿಜಕ್ಕೂ ಮರೆತಿದ್ದೆ. ರೊಟ್ಟಿಗಳು ದಪ್ಪಗೆ, ಅಂಚು ಹರಿದು, ಒಂದೊಂದು ಒಂದೊಂದು ಆಕಾರ. ಬೆಲ್ಲ ತುಪ್ಪ ಹಚ್ಚಿ ಕೊಟ್ಟರೆ ಸಿರಿ ಆಸೆಯಿಂದ ತಿಂದಳು. ಆ ಪ್ರವಾಸದಲ್ಲಿ ಅವಳು ಮೊದಲ ಬಾರಿಗೆ ನೆಂಟರ ಮನೆಯ ಬಿಸಿ ಊಟ ಉಂಡಿದ್ದಳು. ನನ್ನ ಕಣ್ಣಿಗೆ ನೀರು ಬಂತು, ಹೊಗೆಯ ನೆಪ ಹೇಳೋಣವೆಂದರೆ ಅದು ಗ್ಯಾಸ್ ಒಲೆ.

ಊಟವಾದ ಮೇಲೆ ಚಿಗವ್ವ ಅವ್ವನಿಗೆ ಹೇಳಿದಳು. "ಈ ಸಲ ಉಂಡಿ ರವಾದ್ದು. ಎಣ್ಣಿ ಸೂರ್ಯಕಾಂತಿದು. ಅಡಗಿಯವಗ ನಾ ಮುಂದ ನಿಂತು ಹೇಳತೇನಿ, ಎರಡ ದಿನಾ ಮೊದಲ ಬಂದು ಕುಂದರತೇನಿ. ಒಂದ ಲಗ್ನ ಶೇಂಗಾ ಇಲ್ಲದ ಆದರ ಮದಲಗಿತ್ತಿ ಏನ ಓಡಿ ಹೋಗೂದಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಕೂಸನ್ನ ಕರಕೊಂಡ ಬರತಿಯಲ್ಲಾ?" ಎಂದಳು.

"ಬರತೇನಿ ಚಿಗವ್ವ" ಎಂದೆ. ಹೇಳುವಾಗ ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಈ ಮಗುವಿನ ಜೊತೆ ಅದು ಪೂರ್ತಿ ಹೋಗುವಂಥದ್ದಲ್ಲ. ಆದರೆ ಅದನ್ನು ಹೊರಲು ಇನ್ನು ನಾನೊಬ್ಬಳೇ ಅಲ್ಲ ಎನಿಸಿತು.

ಸಂಜೆಗೆ ಮೊದಲೇ ಹಾವೇರಿಯ ಬಸ್ಸು ಹಿಡಿದೆವು. ಚಿಗವ್ವ ನಿಲ್ದಾಣದವರೆಗೆ ಬಂದು ಕಿಟಕಿಯ ಕೆಳಗೆ ನಿಂತಳು. ಅಂದು ಕಾರ್ತಿಕ ಸೋಮವಾರ. ದೀಪ ಹಚ್ಚುವವರೆಗೆ ಅವಳು ನೀರಿನ ಹೊರತು ಏನೂ ಮುಟ್ಟುವುದಿಲ್ಲ. ಸಿರಿಯ ಕೈಯಲ್ಲಿ ಉಳಿದ ರೊಟ್ಟಿಯಿತ್ತು. ಅವಳು ಅದನ್ನು ಮುರಿದು ಕಿಟಕಿಯ ಸರಳಿನ ಸಂದಿಯಿಂದ ಕೈ ಚಾಚಿದಳು.

"ಅಜ್ಜಿ, ಆ ಮಾಡು. ಹೆದರಬೇಡ, ಇದರಲ್ಲಿ ಶೇಂಗಾ ಇಲ್ಲ."

ಅವ್ವ "ಅಜ್ಜಿದು ಉಪವಾಸ, ಬ್ಯಾಡ" ಎನ್ನುವಷ್ಟರಲ್ಲಿ ಚಿಗವ್ವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮುಂಗಾಲಿನ ಮೇಲೆ ಎತ್ತರಿಸಿ ನಿಂತು ಬಾಯಿ ತೆರೆದಳು. ತುತ್ತು ಬಿತ್ತು. "ಶಿವಗ ನಾ ಹೇಳಕೋತೇನಿ, ನೀವು ಹೋಗಿ ಬರ್ರಿ" ಎಂದಳು. ಬಸ್ಸು ಹೊರಟಿತು. ಹಿಂತಿರುಗಿ ನೋಡಿದೆ. ನಾನು ಬಡಿದ ದಪ್ಪ ರೊಟ್ಟಿ, ಬೇಗ ಅಗಿದು ಮುಗಿಯುವಂಥದ್ದಲ್ಲ. ಚಿಗವ್ವ ಕಣ್ಣು ಒರೆಸಿಕೊಳ್ಳುತ್ತ ಅಲ್ಲೇ ನಿಂತು ಅಗಿಯುತ್ತಿದ್ದಳು.