ಮೇಲೆ ತಳ್ಳಿದರೆ ಜಿಗಿತ

ನನ್ನ ಹೆಬ್ಬೆರಳಿಗೆ ಗೊತ್ತಿದ್ದುದು ಒಂದೇ ವಿದ್ಯೆ, ಮೇಲಕ್ಕೆ ತಳ್ಳುವುದು. ಚೆಂಡು ಹೂವು ಬಿಡಿಸುವವರೆಲ್ಲ ಹೀಗೆಯೇ. ತೋರುಬೆರಳು ನಡುಬೆರಳುಗಳ ಸಂದಿಗೆ ಹೂವಿನ ಕತ್ತು ಸಿಕ್ಕಿಸಿ, ಕೆಳಗಿನಿಂದ ಹೆಬ್ಬೆರಳಲ್ಲಿ ನೂಕಿದರೆ ತೊಟ್ಟು ಟಕ್ಕೆಂದು ಮುರಿಯುತ್ತದೆ. ಎರಡೂ ಕೈ ಆಡುತ್ತಿರಬೇಕು, ಕಣ್ಣು ಆಗಲೇ ಮುಂದಿನ ಗಿಡದ ಮೇಲಿರಬೇಕು. ಗುಮಟಾಪುರದಲ್ಲಿ ಹುಟ್ಟಿ ಜೀರಹಳ್ಳಿ ಕಡೆಗೆ ಸೊಸೆಯಾಗಿ ಬಂದ ಮೇಲೆ ಅಡುಗೆಗೆ ಹೆಸರಿಟ್ಟವರುಂಟು, ಹೂವು ಬಿಡಿಸುವುದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ. ಇಟ್ಟವನು ನನ್ನ ಗಂಡ, ಅದೂ ಹೊಲದಲ್ಲಲ್ಲ, ಟಿವಿ ಮುಂದೆ.

ಅವನು ಸತ್ಯಮಂಗಲದಲ್ಲಿ ಕೆಲಸಕ್ಕಿದ್ದಾಗ ಜೊತೆಯವನೊಬ್ಬನಿಂದ ಒಂದು ಹಳೆಯ ಗೇಮ್ ಪೆಟ್ಟಿಗೆ ಮತ್ತು ಎರಡು ಕಂಟ್ರೋಲರ್ ತಂದಿದ್ದ. ಅದರಲ್ಲೊಂದು ಹೊಡೆದಾಟದ ಆಟ. ಆಕಾಶದಲ್ಲಿ ಜಗಲಿಯೊಂದು ತೇಲುತ್ತಿರುತ್ತದೆ, ಅದರ ಮೇಲೆ ಇಬ್ಬರು. ಏಟು ತಿಂದಷ್ಟೂ ಮೈ ಹಗುರಾಗಿ, ಮುಂದಿನ ಏಟಿಗೆ ಇನ್ನಷ್ಟು ದೂರ ಹಾರುತ್ತೇವೆ. ಜಗಲಿಗೆ ಮರಳಲಾಗದೆ ಆಚೆ ಹೋದರೆ ಒಂದು ಜೀವ ಹೋಯಿತು. ಒಬ್ಬೊಬ್ಬರಿಗೆ ಮೂರು ಜೀವ. ಅವನದು ಕೊಬ್ಬಿದ ಗೂಳಿ, ನನ್ನದು ಕಪ್ಪೆ. ಸಂಜೆ ಕೈಕಾಲು ತೊಳೆದು ಕೂತರೆ ಒಂದೆರಡು ಆಟ ಆಡುತ್ತಿದ್ದೆವು, ಪ್ರತಿ ಸಲವೂ ನಾನು ಸೋಲುತ್ತಿದ್ದೆ. ಸೋತರೆ ನನಗೇನೂ ಅನ್ನಿಸುತ್ತಿರಲಿಲ್ಲ.

ಅನ್ನಿಸತೊಡಗಿದ್ದು ತವರಿನಿಂದ ಅಜ್ಜಿಯ ಫೋನು ಬಂದ ಮೇಲೆ. ದೀಪಾವಳಿ ಮುಗಿಯುತ್ತಲೇ ನಮ್ಮೂರು ಗುಮಟಾಪುರದ ಬೀರೇಶ್ವರನ ಗುಡಿಯ ಹತ್ತಿರ ಸಗಣಿ ಹಬ್ಬ. ಊರ ಕೊಟ್ಟಿಗೆಗಳ ಸಗಣಿಯೆಲ್ಲ ಗುಡ್ಡೆ ಬೀಳುತ್ತದೆ, ಗಂಡಸರು ಉಂಡೆ ಕಟ್ಟಿ ಒಬ್ಬರಿಗೊಬ್ಬರು ಹೊಡೆದುಕೊಳ್ಳುತ್ತಾರೆ. ಹೆಂಗಸರು ತಾರಸಿ ಮೇಲೆ ನಿಂತು ನೋಡಿ ನಗುತ್ತೇವೆ. ಅಜ್ಜಿಯ ಕಣ್ಣು ಮಂಜಾದಾಗಿನಿಂದ ನಾನು ಪಕ್ಕದಲ್ಲಿ ನಿಂತು ಯಾರು ಯಾರಿಗೆ ಹೊಡೆದರು, ಯಾರು ಜಾರಿ ಬಿದ್ದರು ಎಂದು ಒದರುತ್ತಿದ್ದೆ, ಅವಳು ನನ್ನ ಕೈ ಹಿಡಿದು ಕೇಳುತ್ತಿದ್ದಳು. ಮದುವೆಯಾದ ಮೇಲೆ ಒಂದು ವರ್ಷವೂ ಹೋಗಲಾಗಿರಲಿಲ್ಲ. ದೀಪಾವಳಿಗೇ ನಾದಿನಿಯರು ತಮ್ಮ ತವರಿಗೆ, ಎಂದರೆ ನಮ್ಮ ಮನೆಗೆ, ಬರುತ್ತಾರೆ, ಸೊಸೆ ತವರಿಗೆ ಹೋದರೆ ಒಲೆ ಮುಂದೆ ಯಾರು?

"ಈಗ ಪೂರಾ ಕಾಣಾಕಿಲ್ಲ ಕಣವ್ವ," ಎಂದಳು ಅಜ್ಜಿ. "ಬ್ಯಾರೇರು ಯೋಳದು ನಂಗೆ ತಿಳಿಯಾಕಿಲ್ಲ. ನೀ ಬಂದ್ರೆ ನೋಡ್ದಂಗಾಯ್ತದೆ."

ಫೋನಿಟ್ಟು ಅತ್ತುಬಿಟ್ಟೆ. ಆಮೇಲೆ ಸಿಟ್ಟು ಬಂತು. ಈ ಸಲ ಹೋಗೇ ಹೋಗಬೇಕು ಎಂದು ಗಂಡನಿಗೆ ಹೇಳಿದೆ. ಅವನು ಪರದೆಯಿಂದ ಕಣ್ಣು ತೆಗೆಯದೆ, "ಮೊದ್ಲು ಆಟದಲ್ಲಿ ನನ್ನ ಸೋಲ್ಸು, ಆಮೇಲ್ ಓಗವ ಬುಡು," ಎಂದ. ಅವನದು ತಮಾಷೆ. ನಾನು ಅದನ್ನು ಮಾತು ಎಂದು ಹಿಡಿದುಕೊಂಡೆ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆಯೂ ಕೇಳಿಸಿಕೊಂಡಿದ್ದರು, ಅದು ನನ್ನ ಪುಣ್ಯ.

ಯಾಕೆ ಸೋಲುತ್ತೇನೆ ಎಂದು ಅವತ್ತಿನಿಂದ ನೋಡತೊಡಗಿದೆ. ಕಾರಣ ನನ್ನ ಹೆಬ್ಬೆರಳೇ. ಕಂಟ್ರೋಲರಿನ ಎಡಗಡೆ ಇರುವ ಪುಟ್ಟ ಕೋಲನ್ನು ಎಡ ಹೆಬ್ಬೆರಳಲ್ಲಿ ತಳ್ಳಿದರೆ ಕಪ್ಪೆ ನಡೆಯುತ್ತದೆ, ಮೇಲಕ್ಕೆ ತಳ್ಳಿದರೆ ಜಿಗಿಯುತ್ತದೆ. ಗೂಳಿ ಮೈಮೇಲೆ ಬಂತೆಂದು ಗಾಬರಿಯಾದರೆ ನನ್ನ ಬೆರಳು ತಾನಾಗಿ ಹೂವು ಕೀಳುತ್ತಿತ್ತು. ಕಪ್ಪೆ ಸುಮ್ಮಸುಮ್ಮನೆ ಜಿಗಿಯುತ್ತಿತ್ತು. ಗಾಳಿಯಲ್ಲಿ ಇನ್ನೊಂದೇ ಜಿಗಿತ ಉಳಿದಿರುತ್ತದೆ, ಅದನ್ನೂ ಕಳೆಯುತ್ತಿದ್ದೆ. ಗೂಳಿ ಜಗಲಿಯಾಚೆ ಒದ್ದಾಗ ಮರಳಿ ಬರಲು ಒಂದೂ ಇರುತ್ತಿರಲಿಲ್ಲ. "ಅಗಾ, ಊವ ಕೀಳ್ತಾವ್ಳೆ," ಎಂದು ಗಂಡ ಕೇಕೆ ಹಾಕಿ ನಗುತ್ತಿದ್ದ.

ಬೆರಳಿನ ಬುದ್ಧಿ ತಿದ್ದಲು ನೋಡಿದೆ, ಆಗಲಿಲ್ಲ. ಹಗಲೆಲ್ಲ ಹೂವಿನ ಹೊಲದಲ್ಲಿ ಮೇಲೆ ತಳ್ಳು, ಸಂಜೆ ಮಾತ್ರ ತಳ್ಳಬೇಡ ಎಂದರೆ ಯಾವ ಬೆರಳು ಕೇಳೀತು? ಹಾಗಾದರೆ ಆಟವನ್ನೇ ತಿದ್ದುತ್ತೇನೆ ಎಂದು ಹಟ ಹಿಡಿದೆ. ಒಂದು ಮಧ್ಯಾಹ್ನ ಹೂವಿನ ಮೂಟೆ ಗಾಡಿ ಹತ್ತಿದ ಮೇಲೆ ಮನೆಗೆ ಬಂದು ಸೆಟ್ಟಿಂಗ್ಸ್ ಎಂಬಲ್ಲಿಗೆ ಹೋದೆ. ಎಲ್ಲ ಇಂಗ್ಲಿಷಿನಲ್ಲಿತ್ತು. ಶಾಲೆಯಲ್ಲಿ ಕಲಿತದ್ದು ಸಾಲದೆಡೆ ಫೋನನ್ನು ಕೇಳಿದೆ. ಮೇಲೆ ತಳ್ಳಿದರೆ ಜಿಗಿತ ಎನ್ನುವ ಸಾಲು ಅಲ್ಲಿತ್ತು, ಅದರ ಮುಂದಿನ ಗುರುತನ್ನು ತೆಗೆದುಹಾಕಿದೆ.

ಜಿಗಿತಕ್ಕೆ ಬೇರೆ ಗುಂಡಿ ಬೇಕಲ್ಲ. ಬಲ ಹೆಬ್ಬೆರಳಿಗೆ ಕೊಟ್ಟರೆ ಅದು ಹೊಡೆಯುವ ಗುಂಡಿ ಬಿಟ್ಟು ಓಡಾಡಬೇಕು. ಎಡ ತೋರುಬೆರಳು ಕಂಟ್ರೋಲರಿನ ಹೆಗಲ ಗುಂಡಿಯ ಮೇಲೆ ದಂಡವಾಗಿ ಕೂತಿತ್ತು, ಅದಕ್ಕೆ ಕೊಟ್ಟೆ. ಮೊದಲ ದಿನ ಜಿಗಿಯಬೇಕಾದಲ್ಲಿ ಕಪ್ಪೆ ಕಲ್ಲಿನಂತೆ ನಿಂತು ಏಟು ತಿಂದಿತು. ನನ್ನ ಪಾಲಿಗೆ ಬಂದ ಕಂಟ್ರೋಲರ್ ಸವೆದದ್ದು ಬೇರೆ, ಕೋಲು ಮುಟ್ಟದಿದ್ದರೂ ಕಪ್ಪೆ ಹಗ್ಗ ಬಿಚ್ಚಿದ ಕರುವಿನ ಹಾಗೆ ಅಂಚಿನತ್ತ ಹೊರಡುತ್ತಿತ್ತು. ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಹೇಳುವ ಸೆಟ್ಟಿಂಗೂ ಒಂದಿತ್ತು. ಅದನ್ನು ಜಾಸ್ತಿ ಮಾಡಿದರೆ ಕಪ್ಪೆ ನಡೆಯುವುದೇ ಇಲ್ಲ. ಸಾರಿಗೆ ಉಪ್ಪು ನೋಡಿದಂತೆ ಚೂರು ಚೂರೇ ಹಾಕಿ ಹದಕ್ಕೆ ತಂದೆ. ಏಟು ಬಿದ್ದಾಗ ಕೈಯಲ್ಲಿ ಗುರ್ರೆನ್ನುವ ನಡುಕವನ್ನೂ ನಿಲ್ಲಿಸಿದೆ, ನನ್ನ ಗಾಬರಿಗೆ ಅರ್ಧ ಕಾರಣ ಅದೇ ಆಗಿತ್ತು.

ಇನ್ನು ಉಳಿದದ್ದು ತೋರುಬೆರಳಿನ ಪಾಠ. ಗುಂಡಿ ಒತ್ತಿ ಹಿಡಿದರೆ ದೊಡ್ಡ ಜಿಗಿತ, ತಟ್ಟಿ ಬಿಟ್ಟರೆ ಗಿಡ್ಡ ಜಿಗಿತ. ಗೂಳಿಗೆ ಹೊಡೆಯಲು ಗಿಡ್ಡದ್ದೇ ಬೇಕು. ಹೊಲದಲ್ಲಿ ನೀರು ಕುಡಿಯಲು ಕೂತಾಗ ಬಾಟಲಿ ತಟ್ಟುತ್ತಿದ್ದೆ, ಬಸ್ಸಿನಲ್ಲಿ ತಾಳವಾಡಿಗೆ ಹೋಗುವಾಗ ಮುಂದಿನ ಸೀಟಿನ ಕಂಬಿ ತಟ್ಟುತ್ತಿದ್ದೆ. ನೋಡಿದವರು ಇವಳಿಗೇನೋ ಗಾಳಿ ಸೋಕಿದೆ ಎಂದುಕೊಂಡಿರಬೇಕು.

ನಾನು ಸೆಟ್ಟಿಂಗ್ಸ್ ಬದಲಿಸಿದ್ದು ಗಂಡನಿಗೆ ಗೊತ್ತಾದಾಗ ಅವನು ಒಪ್ಪಲಿಲ್ಲ. ಆಟ ಹೇಗೆ ಬಂದಿದೆಯೋ ಹಾಗೆ ಆಡಬೇಕಂತೆ. "ಕುಣಿಲಾರ್ದೋಳು ನೆಲ ಡೊಂಕು ಅಂದ್ಲಂತೆ," ಎಂದ. ನನಗೆ ಮೈ ಉರಿಯಿತು. ಅವನು ಎಡಚ. ರಾಗಿ ಕುಯ್ಯಲು ಎಲ್ಲರ ಕುಡುಗೋಲು ಅವನ ಕೈಗೆ ಒಗ್ಗದು, ಕುಲುಮೆಯಲ್ಲಿ ಹಲ್ಲು ತಿರುಗಿಸಿ ಮಾಡಿಸಿದ್ದು ಅವನೊಬ್ಬನಿಗೇ ಇದೆ. ಅದು ಎದುರಿಗೇ ಗೋಡೆಯ ಸಂದಿನಲ್ಲಿ ಸಿಕ್ಕಿಸಿತ್ತು.

"ಮತ್ತೆ ನೀನ್ಯಾಕೆ ಆ ಕುಡ್ಲು ಮಾಡಿಸ್ಕಂಡೆ? ಬಂದಂಗೇ ಕುಯ್ಯಬೇಕಾಗಿತ್ತು," ಎಂದೆ.

ತಮಿಳು ಸೀರಿಯಲ್ಲಿಗೆ ಟಿವಿ ಯಾವಾಗ ಬಿಡುತ್ತಾರೆಂದು ಕಾಯುತ್ತಿದ್ದ ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. ಅಲ್ಲಿಗೆ ಆ ವಾದ ಮುಗಿಯಿತು.

ಹಬ್ಬಕ್ಕೆ ಮುಂಚಿನ ಭಾನುವಾರ ಮಳೆ ಹಿಡಿದು ಹೂವಿನ ಕೆಲಸ ನಿಂತಿತು. ಮೂರು ಆಟದಲ್ಲಿ ಎರಡು ಗೆದ್ದವರು ಗೆದ್ದಂತೆ ಎಂದು ಮಾತಾಯಿತು. ಮೊದಲನೆಯದು ಅವನದು. ನನ್ನ ಅಂಗೈ ಬೆವೆತು ಕೋಲು ಜಾರುತ್ತಿತ್ತು, ಸೀರೆಗೆ ಒರೆಸಿಕೊಂಡು ಕೂತೆ. ಎರಡನೆಯದರಲ್ಲಿ ಅಜ್ಜಿಯ ಮಾತು ನೆನಪಾಯಿತು. ಎದುರಿಗೆ ನಿಂತವನಿಗೆ ಎಸೆದರೆ ಉಂಡೆ ದಂಡ, ಇನ್ನೊಂದು ಉಂಡೆ ಎತ್ತಲು ಬಗ್ಗುತ್ತಾನಲ್ಲ, ಆಗ ಹೊಡೆಯಬೇಕು ಎಂದು ತಾರಸಿ ಮೇಲಿಂದಲೇ ಗಂಡಸರಿಗೆ ಬುದ್ಧಿ ಹೇಳುತ್ತಿದ್ದವಳು ಅವಳು. ಗೂಳಿಯೂ ಹಾಗೇ, ಎಗರಿ ಬಂದು ಇಳಿದೊಡನೆ ಒಂದು ಗಳಿಗೆ ಬಗ್ಗಿ ನಿಲ್ಲುತ್ತದೆ. ನಾನು ದೂರ ನಿಂತು ಕಾದೆ. ಇಳಿದಾಗಲೆಲ್ಲ ಗಿಡ್ಡ ಜಿಗಿತ, ಒಂದು ಏಟು. ಆ ಆಟ ನನ್ನದಾಯಿತು. ಗಂಡ ನೆಟ್ಟಗೆ ಕೂತ.

ಕೊನೆಯ ಆಟದಲ್ಲಿ ಇಬ್ಬರಿಗೂ ಒಂದೊಂದೇ ಜೀವ ಉಳಿಯಿತು. ಗೂಳಿ ನನ್ನ ನೆತ್ತಿಯ ಮೇಲಿಂದ ಬಂತು. ನಾನು ಬೆಚ್ಚಿಬಿದ್ದೆ. ಕಲಿತದ್ದೆಲ್ಲ ಮರೆತುಹೋಗಿ ಎರಡೂ ಹೆಬ್ಬೆರಳು ಒಟ್ಟಿಗೆ ಹೂವು ಕಿತ್ತವು. ಎಡದ್ದು ಕೋಲನ್ನು ಮೇಲೆ ತಳ್ಳಿತು, ಬಲದ್ದು ಹೊಡೆಯುವ ಗುಂಡಿಯನ್ನು ಒತ್ತಿತು. ಹಿಂದಿನ ಹಾಗಾಗಿದ್ದರೆ ಕಪ್ಪೆ ಜಿಗಿದು ಗೂಳಿಯ ಕೊಂಬಿಗೇ ಹೋಗುತ್ತಿತ್ತು. ಈಗ ಜಿಗಿತವಿಲ್ಲ, ಕೋಲು ತೋರಿಸಿದತ್ತ ಏಟು ಮಾತ್ರ, ಅದು ನಿಂತಲ್ಲೇ ನಿಂತು ತಲೆಯ ಮೇಲಕ್ಕೆ ಗುದ್ದಿತು. ಗೂಳಿ ಪರದೆಯ ಮೇಲಂಚು ದಾಟಿ ಕಾಣದಾಯಿತು.

ಗಂಡ ಇನ್ನೊಂದು ಆಟ ಎಂದು ರಾಗ ತೆಗೆದ. "ಮಾತಂದ್ರೆ ಮಾತು," ಎಂದರು ಅತ್ತೆ. "ಎಣ್ಮಕ್ಳಿಗೆ ನಾನ್ ಬೇಯಿಸಾಕ್ತೀನಿ. ಓಗ್ಬುಟ್ ಬನ್ನಿ."

ಗುಮಟಾಪುರದ ತಾರಸಿ ಮೇಲೆ ಅಜ್ಜಿ ನನ್ನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಕೆಳಗೆ ಕಣ್ಣು ಹಲ್ಲು ಬಿಟ್ಟರೆ ಎಲ್ಲರೂ ಸಗಣಿಯೇ. ಯಾರ ಹಿಂದೆ ಯಾರು ಬಂದರು, ಯಾರು ಬಿದ್ದರು ಎಂದು ನಾನು ಗಂಟಲು ಹರಿಯುವಂತೆ ಹೇಳಿದೆ. ಹಬ್ಬಕ್ಕೆ ಮೊದಲ ಸಲ ಬಂದ ಅಳಿಯನೆಂದು ನನ್ನ ಗಂಡನನ್ನು ನಾಲ್ಕೈದು ಜನ ಸುತ್ತುಗಟ್ಟಿದ್ದರು. ಅವನು ಉಂಡೆಗೆ ಬಗ್ಗಿದ, ಬೆನ್ನಿಗೆ ಬಿತ್ತು. ಮತ್ತೆ ಬಗ್ಗಿದ, ಮತ್ತೆ ಬಿತ್ತು. ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದವಳು ಫಕ್ಕನೆ ನಿಲ್ಲಿಸಿ, ತನ್ನ ಕೈಯೊಳಗೆ ಮೇಲಕ್ಕೆ ನೂಕುತ್ತಿದ್ದ ನನ್ನ ಹೆಬ್ಬೆರಳನ್ನು ಸವರಿ ನೋಡಿದಳು.

"ಅಬ್ಬದಲ್ಲೂ ಊವ ಕೀಳ್ತಾ ಇದ್ದೀಯಲ್ಲವ್ವ," ಎಂದಳು.

"ಇಲ್ಲ ಕಣಜ್ಜಿ," ಎಂದೆ. "ಒಡೀತಾ ಇವ್ನಿ."