ತಿರುಗು ತೊಟ್ಟಿಲು ಇಳಿದ ಮೇಲಿನ ಊಟ

ಗೆಳೆಯರೇ, ಇಂದು ಹೆಂಡತಿಯೊಡನೆ ಚಕ್ಕಡಿ ಹೂಡಿಕೊಂಡು ಗಜೇಂದ್ರಗಡದ ಜಾತ್ರೆಗೆ ಬಂದು, ಆಳುಗಳು ಕೈಯಿಂದ ತಿರುಗಿಸುವ ದೊಡ್ಡ ತೊಟ್ಟಿಲು ಹತ್ತಿದೆ. "ಅಂಜಬ್ಯಾಡ, ನಾ ಅದೀನಿ" ಎಂದವನೂ ನಾನೇ, ಮೇಲೇರಿದಾಗ ಅವಳ ಸೆರಗು ಹಿಡಿದು ಕಣ್ಣು ಮುಚ್ಚಿದವನೂ ನಾನೇ. ಅವಳು ಕಿಲಕಿಲ ನಗುತ್ತಿದ್ದಳು.

ಇಳಿದು ಖಾನಾವಳಿಗೆ ಹೋದೆವು. ನನ್ನ ತಲೆ ಇನ್ನೂ ತೊಟ್ಟಿಲಿನಂತೆ ತಿರುಗುತ್ತಿತ್ತು; ಕಡಲೆಹಿಟ್ಟಿನ ಝುಣಕದ ವಾಸನೆಗೇ ಮುಖ ಆಚೆ ಮಾಡಿದೆ. ತಾಟು ಸರಿಸಿದೆ. ಅವಳೂ ಕೈಕಟ್ಟಿ ಕೂತಳು.

"ನೀ ಉಣ್ಣು" ಎಂದೆ.

"ನೀವು ಉಣ್ಣದ ನಾ ಹ್ಯಾಂಗ ಉಣ್ಲಿರಿ? ಹಸಿವಿ ಭಾಳ ಆಗೇತಿ, ಲಗೂನ ಒಂದ್ ತುತ್ತರ ತಿನ್ರಿ!"

ಮೂಗು ಹಿಡಿದು ಒಂದು ಚೂರು ರೊಟ್ಟಿ ನುಂಗಿದೆ. ಪದ್ಧತಿ ಮುಗಿಯಿತು. ಅವಳು ಎರಡೂ ತಾಟು ಖಾಲಿ ಮಾಡಿ, "ಇನ್ನೊಮ್ಮೆ ತೊಟ್ಟಲಾ ಹತ್ತೂಣೇನ್ರಿ?" ಎಂದಳು.

ಗಂಡ ಮೊದಲು ಎಂಬುದು ಊಟಕ್ಕಷ್ಟೇ ಎಂದೆ. ಈಗ ಅವಳು ಮೇಲೆ ತಿರುಗುತ್ತಿದ್ದಾಳೆ. ನಾನು ಕೆಳಗೆ ಅವಳ ಚಪ್ಪಲಿ ಕಾಯುತ್ತಿದ್ದೇನೆ.