ತೋಳಿನ ಸಿಕ್ಕಾ

ಮೊನ್ನೆ ಮೊನ್ನೆಯ ಆ ದೊಡ್ಡ ಬೇನೆಯ ದಿನಗಳಲ್ಲಿ ಟೀವಿಯವರು ಕೈ ತೊಳೆಯುವುದು ಹೇಗೆಂದು ತೋರಿಸಿದ್ದೇ ತೋರಿಸಿದ್ದು. ನನಗೆ ನಗು ಬರುತ್ತಿತ್ತು. ಉಗಾರ ಖುರ್ದದ ನಮ್ಮ ಮನೆಯಲ್ಲಿ ಆಯಿಯ ಕೈಕೆಳಗೆ ಬೆಳೆದವರಿಗೆ ಇದರಲ್ಲಿ ಹೊಸದೇನಿದೆ? ಆಯಿ ಎಂದರೆ ಅಪ್ಪನ ತಾಯಿ. ಹೊರಗಿನಿಂದ ಬಂದವರು ಯಾರೇ ಆಗಲಿ, ಕಾಲು ತೊಳೆಯದೆ ಹೊಸ್ತಿಲು ದಾಟುವಂತಿರಲಿಲ್ಲ. ಕುಡಿಯುವ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಿ, ಕಾಯಿಸಿ, ಆರಿಸಬೇಕು. ಹೊತ್ತು ಮುಳುಗುವುದರೊಳಗೆ ಎಲ್ಲರ ಊಟ ಮುಗಿಯಬೇಕು. ಜೈನರ ಮನೆಗಳಲ್ಲಿ ಇದು ಇದ್ದದ್ದೇ. ಆದರೆ ಆಯಿ ಅದರ ಮೇಲೆ ತನ್ನವೂ ನಾಲ್ಕು ಕಾಯಿದೆ ಸೇರಿಸಿದ್ದಳು. ಸೀನು ಬಂದರೆ ಹಿತ್ತಲಿಗೆ ಓಡಬೇಕು ಎಂಬುದು ಅದರಲ್ಲೊಂದು. ಅಪ್ಪನಂಥ ದೊಡ್ಡ ಮನುಷ್ಯನೂ ಮೂಗು ಹಿಡಿದುಕೊಂಡು ಹಿತ್ತಲಿಗೆ ಓಡುವುದನ್ನು ನೋಡುವುದೇ ನಮಗೊಂದು ಮೋಜು.

ನಾನು ಹೇಳಹೊರಟ ವರ್ಷ, ಎಂಬತ್ತರ ದಶಕದ ನಡುವಿನದು, ನಾನಿನ್ನೂ ಕನ್ನಡ ಸಾಲೆಯಲ್ಲಿದ್ದೆ. ಸಕ್ಕರೆ ಕಾರ್ಖಾನೆಯ ಹಂಗಾಮು ಮುಗಿಯುತ್ತ ಬಂದಿತ್ತು. ರಸ್ತೆಯ ಮೇಲೆ ಕಬ್ಬಿನ ಗಾಡಿಗಳು ಕಡಿಮೆಯಾಗಿದ್ದವು, ಕಾಕಂಬಿಯ ಹುಳಿ ವಾಸನೆ ಮಾತ್ರ ಊರು ಬಿಟ್ಟಿರಲಿಲ್ಲ. ಈಗಲೂ ಎಲ್ಲಿಯಾದರೂ ಆ ವಾಸನೆ ಬಂದರೆ ನಾನು ನಿಂತುಬಿಡುತ್ತೇನೆ. ಆಗ ಅಪ್ಪನ ಜೊತೆ ತೆಲಸಂಗದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನಮ್ಮಿಬ್ಬರ ನಡುವೆ ಕುಳಿತ ಹುಡುಗಿಯ ಮುಖದ ತುಂಬ ಪೌಡರು, ಪೌಡರಿನ ಕೆಳಗೆ ಸಣ್ಣ ಸಣ್ಣ ಗುಳ್ಳೆ. ಜಳಕ್ಕೆ ಬೆವರುಸಾಲೆ ಎದ್ದಿದೆ ಎಂದು ಅವಳ ತಾಯಿ ಹೇಳಿದಳು, ನಾವೂ ನಂಬಿದೆವು. ಎರಡು ವಾರ ಕಳೆಯುವುದರಲ್ಲಿ ನನಗೆ ಜ್ವರ ಬಂತು, ಮೈತುಂಬ ನೀರುಗುಳ್ಳೆ ಎದ್ದವು. ಆಯಿ ನನ್ನ ಲಂಗ ಎತ್ತಿ ಹೊಟ್ಟೆ ನೋಡಿದವಳೇ, ಅಮ್ಮ ಬಂದಾಳ ಎಂದಳು.

ಅಂದಿನಿಂದ ಮನೆಗೆ ಬೇರೆ ರಾಜ್ಯಭಾರ ಶುರುವಾಯಿತು. ನನ್ನನ್ನು ಹಿಂದಿನ ಕಾಳಿನ ಕೋಣೆಗೆ ಹಾಕಿದರು. ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿದರು. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು. ಮನೆಮಂದಿಯೆಲ್ಲ ನನ್ನಿಂದಾಗಿ ಸಪ್ಪೆ ಬೇಳೆ ಉಣ್ಣಬೇಕಾಯಿತು. ನನ್ನ ತಾಟು, ವಾಟಗ, ಹಾಸಿಗೆಬಟ್ಟೆ ಎಲ್ಲ ಬೇರೆ. ಅವನ್ನು ಸೋಡಾ ಹಾಕಿದ ನೀರಿನಲ್ಲಿ ಕುದಿಸಿಯೇ ತೊಳೆಯುತ್ತಿದ್ದರು. ನೆರೆಯವರು ಬಂದರೆ ಕಟ್ಟೆಯ ಮೇಲಿಂದಲೇ ಮಾತಾಡಿಸಿ ಕಳಿಸುವುದು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಅವ್ವ ನನ್ನ ಕೋಣೆಗೆ ಬರುವಂತಿರಲಿಲ್ಲ. ತಮ್ಮ ಇನ್ನೂ ಮೊಲೆ ಕುಡಿಯುವ ಕೂಸು, ಅವನಿಗೆ ಅಂಟಿದರೆ ಗತಿಯೇನು ಎಂದು ಆಯಿ ಅವಳನ್ನು ಅಂಗಳದಾಚೆಯೇ ನಿಲ್ಲಿಸಿದ್ದಳು. ಅವ್ವ ಬೀಸುವ ಕಲ್ಲಿನ ಹತ್ತಿರ ನಿಂತು, ಅಂಬಲಿ ಕುಡದೇನ, ತುರಿಸ್ಕೋಬ್ಯಾಡ ಎಂದು ಕೂಗುತ್ತಿದ್ದಳು. ನಾನು ಒಳಗಿಂದ ಉತ್ತರ ಕೊಡದೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ.

ಹಾಗಾದರೆ ಒಳಗೆ ಬರುವವರು ಯಾರು? ಅದಕ್ಕೂ ಆಯಿಯ ಹತ್ತಿರ ಒಂದು ಲೆಕ್ಕವಿತ್ತು. ಅವಳ ಮುಖದ ತುಂಬ ದೊಡ್ಡ ದೇವಿಯ ಕಲೆಗಳು. ಚಿಕ್ಕವಳಿದ್ದಾಗ ಸಿಡುಬು ಬಂದು, ಸಾಯುವವಳು ಬದುಕಿದ್ದಳು. ಆಮೇಲೆ ಎಷ್ಟು ಮಕ್ಕಳ ಗುಳ್ಳೆಗಳಿಗೆ ಬೇವಿನೆಲೆ ಸವರಿದರೂ ಅವಳ ಹತ್ತಿರ ಯಾವ ಬೇನೆಯೂ ಸುಳಿದಿರಲಿಲ್ಲ. ಕಲೆ ಇದ್ದವರಿಗೆ ಮತ್ತೆ ಬರುವುದಿಲ್ಲ ಎಂದು ಅವಳು ಅದರಿಂದ ತಿಳಿದುಕೊಂಡಿದ್ದಳು. ಮುಂದೆ ಸರ್ಕಾರದವರು ಮನೆಮನೆಗೆ ಬಂದು ಸಿಡುಬಿನ ಲಸಿಕೆ ಚುಚ್ಚಿ, ಅಂದರೆ ದೇವಿ ಹಾಕಿ ಹೋದಾಗ ಎಲ್ಲರ ತೋಳಿನ ಮೇಲೂ ದುಂಡನೆಯ ಕಲೆ ಬಿತ್ತಲ್ಲ, ಅದೂ ಅದೇ ದೇವಿ ಒತ್ತಿದ ಸಿಕ್ಕಾ, ಮುದ್ರೆ ಎಂದು ಅವಳ ನಂಬಿಕೆ. ಆ ಸಿಕ್ಕಾ ಇದ್ದವರನ್ನು ಅಮ್ಮ ಮುಟ್ಟುವುದಿಲ್ಲವಂತೆ. ನಾನು ಹುಟ್ಟುವ ಹೊತ್ತಿಗೆ ಆ ಚುಚ್ಚುವುದನ್ನೇ ನಿಲ್ಲಿಸಿದ್ದರು. ನನ್ನ ತೋಳು ಬೋಳು, ಅದಕ್ಕೇ ನನಗೆ ಬಂತು ಎಂದು ಅವಳು ತೀರ್ಪು ಕೊಟ್ಟಳು. ಅಡುಗೆಮನೆ ತನ್ನ ಕೈಯಲ್ಲಿದ್ದುದರಿಂದ ದಿನವಿಡೀ ನನ್ನ ಹತ್ತಿರ ಕೂರಲು ಅವಳಿಗೆ ಇನ್ನೊಬ್ಬರು ಬೇಕಿದ್ದರು. ಆಯಿ ಮನೆಯವರನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ ತೋಳು ಏರಿಸಲು ಹೇಳಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ನಾನು ಕಿಟಕಿಯ ಸರಳು ಹಿಡಿದು ನೋಡುತ್ತಿದ್ದೆ.

ಆ ತಪಾಸಣೆಯಲ್ಲಿ ಪಾಸಾಗಿ ಒಳಗೆ ಬಂದವಳು ಕಾಕು, ಅಪ್ಪನ ತಮ್ಮನ ಹೆಂಡತಿ. ನಿಪ್ಪಾಣಿಯವಳು. ಮದುವೆಯಾಗಿ ಬಂದಾಗ ಅವಳ ಕನ್ನಡ ಅರ್ಧ ಮರಾಠಿ, ಉಳಿದರ್ಧ ಕೈಸನ್ನೆ. ನಾನು ಅವಳನ್ನು ಅಣಕಿಸುತ್ತಿದ್ದೆ, ಅವಳು ನನ್ನ ಮರಾಠಿಯನ್ನು ಅಣಕಿಸುತ್ತಿದ್ದಳು, ಹೀಗೆ ಗೆಳೆತನವಾಗಿತ್ತು. ಆಗ ಅವಳು ಏಳು ತಿಂಗಳ ಬಸುರಿ. ಸೀಮಂತದ ಕುಬಸ ಮುಗಿದಿತ್ತು. ಚೊಚ್ಚಲ ಹೆರಿಗೆಗೆಂದು ಕರೆದೊಯ್ಯಲು ಅವಳ ತಾಯಿ ನಿಪ್ಪಾಣಿಯಿಂದ ಬರುವುದಿತ್ತು. ಸೀರೆಗಳನ್ನು ಟ್ರಂಕಿನಲ್ಲಿ ಮಡಿಚಿಟ್ಟುಕೊಂಡು, ದಿನಕ್ಕೆ ನಾಲ್ಕು ಸಲ ತೆಗೆದು ಮತ್ತೆ ಮಡಿಚುತ್ತಿದ್ದಳು. ಬಸುರಿ ಒಳಗೆ ಹೋಗುವುದು ಸರಿಯೇ ಎಂದು ಅವ್ವ ಮೆಲ್ಲಗೆ ಕೇಳಿದಳು. ಕಾಕುವಿನ ತೋಳಿನ ಎರಡೂ ಕಲೆಗಳನ್ನು ಆಯಿ ಹೆಬ್ಬೆರಳಿನಿಂದ ಒತ್ತಿ ನೋಡಿ, ಖರೇ ಸಿಕ್ಕಾ ಐತಿ, ಏನೂ ಆಗೂದಿಲ್ಲ ಎಂದಳು.

ಆ ದಿನಗಳನ್ನು ನೆನೆದರೆ ಬೇನೆಯೇ ನೆನಪಾಗುವುದಿಲ್ಲ, ಅದೊಂದು ವಿಚಿತ್ರ. ಕಾಕು ಗೋಡೆಗೆ ಆತು, ಕಾಲು ಚಾಚಿ, ಹೊಟ್ಟೆಯ ಮೇಲೊಂದು ಕೈ ಇಟ್ಟುಕೊಂಡು ಕೂರುತ್ತಿದ್ದಳು. ತುರಿಸಿಕೊಳ್ಳಲು ಹೋದರೆ ಕೈಗೆ ಬೇವಿನ ಟೊಂಗೆಯಿಂದ ಒಂದು ಏಟು, ಆಮೇಲೆ ಅದೇ ಟೊಂಗೆಯಿಂದ ಮೆಲ್ಲಗೆ ಸವರುವುದು. ಹುಣಸೆಬೀಜ ಒಡೆದು ಚೌಕಾಬಾರಾ ಆಡಿಸಿದಳು, ಆಡುವಾಗ ರಾಜಾರೋಷವಾಗಿ ಮೋಸ ಮಾಡಿದಳು. ನಿಪ್ಪಾಣಿಯಲ್ಲಿ ತಂಬಾಕು ತುಂಬಿಡುವ ವಖಾರಿಯ ಮುಂದೆ ಹಾದು ಸಾಲೆಗೆ ಹೋಗುವಾಗ ಊರಿನ ಮಕ್ಕಳೆಲ್ಲ ಹೇಗೆ ಸಾಲಾಗಿ ಸೀನುತ್ತಿದ್ದರೆಂದು ಮಾಡಿ ತೋರಿಸಿದಳು. ಬಿದ್ದು ಬಿದ್ದು ನಕ್ಕೆ. ಇಂಥ ಬೇನೆ ವರ್ಷಕ್ಕೊಮ್ಮೆ ಬರಲಿ ಎಂದು ಆಗ ಮನಸ್ಸಿನಲ್ಲೇ ಅಂದುಕೊಂಡಿದ್ದೆ.

ನನ್ನ ಗುಳ್ಳೆಗಳು ಒಣಗಲು ಹತ್ತಿದ್ದವು. ಆಗ ಒಂದು ಮಧ್ಯಾಹ್ನ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಾಟಾದ ಕೆಲಸ ಅರ್ಧಕ್ಕೆ ಬಿಟ್ಟು ಅಪ್ಪ ಮನೆಗೆ ಬಂದ. ಜ್ವರದಿಂದ ಮೈ ಸುಡುತ್ತಿತ್ತು. ಅಂಗಿ ತೆಗೆದರೆ ಎದೆಯ ತುಂಬ ಗುಳ್ಳೆ. ತೆಲಸಂಗದ ಹುಡುಗಿ ಇಬ್ಬರಿಗೂ ಹಂಚಿದ್ದಳು, ಅಪ್ಪನದು ಸ್ವಲ್ಪ ತಡವಾಗಿ ಎದ್ದಿತ್ತು, ಅಷ್ಟೇ. ಆದರೆ ಆಯಿ ನೋಡಿದ್ದು ಗುಳ್ಳೆಯನ್ನಲ್ಲ. ಅಪ್ಪನ ತೋಳಿನ ಮೇಲೆ ಎಂಟಾಣೆಯಷ್ಟು ಅಗಲದ ಎರಡು ಸಿಕ್ಕಾಗಳಿದ್ದವು, ಅವುಗಳ ಸುತ್ತಲೂ ಗುಳ್ಳೆ ಎದ್ದಿದ್ದವು. ಅವಳು ನಿಂತಲ್ಲೇ ಕಂಬ ಹಿಡಿದು ಕುಳಿತುಬಿಟ್ಟಳು.

ಡಾಕ್ಟರರು ಬಂದರು. ತೋಳಿನ ಕಲೆ ಆ ದೊಡ್ಡ ದೇವಿಗೆ ಮಾತ್ರ, ಇದು ಬೇರೆಯೇ ಬೇನೆ, ಚಿಕ್ಕಂದಿನಲ್ಲಿ ಇದೇ ಬಂದು ಹೋಗಿದ್ದರೆ ಮಾತ್ರ ಮತ್ತೆ ಬರುವುದಿಲ್ಲ ಎಂದು ಬಿಡಿಸಿ ಹೇಳಿದರು. ಬಸುರಿಗೆ ಬಂದರೆ ಉಸಿರಾಟಕ್ಕೆ ತೊಂದರೆಯಾಗಬಹುದು, ಕೂಸಿನ ಮೇಲೂ ಲಕ್ಷ್ಯವಿರಲಿ, ಬರುವುದಿದ್ದರೆ ಎರಡು ಮೂರು ವಾರದಲ್ಲಿ ಗೊತ್ತಾಗುತ್ತದೆ ಎಂದರು. ಆಯಿ ಆವತ್ತೇ ಕಾಕುವನ್ನು ಮುಂದಿನ ಪಡಸಾಲೆಗೆ ಬೇರೆ ಮಾಡಿದಳು. ಮಾಡಿ ಏನು ಪ್ರಯೋಜನ? ನನ್ನ ಜೊತೆ ಅಷ್ಟು ದಿನ ಒಂದೇ ಚಾಪೆಯ ಮೇಲೆ ಕುಳಿತಾಗಿತ್ತು.

ಅಂಥ ಹೊತ್ತಿನಲ್ಲಿ ನಿಪ್ಪಾಣಿಯಿಂದ ಅವಳ ತಾಯಿ ಬಂದಳು. ಕೈಯಲ್ಲಿ ಬುಟ್ಟಿ, ಮುಖದಲ್ಲಿ ಮಗಳನ್ನು ಕರೆದೊಯ್ಯುವ ಹಿಗ್ಗು. ಆಯಿ ಅವಳನ್ನು ಕಟ್ಟೆಯ ಮೇಲೆ ಕೂರಿಸಿ ನಡೆದದ್ದನ್ನೆಲ್ಲ ಹೇಳಿದಳು. ತಾನೇ ಕಲೆ ನೋಡಿ ಒಳಗೆ ಬಿಟ್ಟೆ ಎಂಬುದನ್ನೂ ಮುಚ್ಚಿಡಲಿಲ್ಲ. ಆ ತಾಯಿಗಂತೂ ಚಿಕ್ಕಂದಿನಲ್ಲೇ ಬಂದು ಹೋಗಿತ್ತು. ಮಗಳಿಗೆ ಮಾತ್ರ ಗೋವರ, ಅಂದರೆ ದಡಾರ, ಒಂದು ಬಿಟ್ಟರೆ ಏನೂ ಬಂದಿರಲಿಲ್ಲವಂತೆ. ಈಗ ಕರೆದೊಯ್ಯೋಣವೆಂದರೆ ಅವಳ ಮನೆಯಲ್ಲಿ ಹಸುಗೂಸುಗಳಿವೆ. ಬಿಟ್ಟು ಹೋಗೋಣವೆಂದರೆ ಕಾಲು ಏಳದು. ಇರೋಣವೆಂದರೆ, ಮಗಳಿಗೆ ಮಗುವಾಗುವವರೆಗೆ ತಾಯಿ ಬೀಗರ ಮನೆಯಲ್ಲಿ ನೀರೂ ಮುಟ್ಟಬಾರದೆಂಬ ಪದ್ಧತಿ. ಆ ಕಾಲದಲ್ಲಿ ನಮ್ಮ ಕಡೆ ಅದನ್ನು ಬಿಗಿಯಾಗಿ ಪಾಲಿಸುವವರಿದ್ದರು, ಆಕೆ ಅಂಥವಳು. ಬೆಳಗಿನಿಂದ ಕಟ್ಟೆಯ ಮೇಲೆ ಕುಳಿತವಳು ಸಂಜೆಯಾದರೂ ಏಳಲಿಲ್ಲ, ಒಂದು ಗುಟುಕು ನೀರು ಕುಡಿಯಲಿಲ್ಲ. ಅದನ್ನು ನೋಡಿ ಕಾಕುವೂ ತಾಟು ದೂರ ಸರಿಸಿದಳು. ಹೊತ್ತು ಮುಳುಗಿದರೆ ನಮ್ಮ ಮನೆಯಲ್ಲಿ ಮತ್ತೆ ಯಾರೂ ಉಣ್ಣುವುದಿಲ್ಲ. ಅವ್ವ ಇಬ್ಬರ ನಡುವೆ ತಿರುಗಾಡಿ ಸೋತಳು.

ಕೊನೆಗೆ ಆಯಿ ತಾನೇ ತಾಟು ಹಿಡಿದು ಕಟ್ಟೆಗೆ ಬಂದಳು.

“ನೀವು ಉಣ್ಣದಿದ್ರ ಅಕಿ ಉಣ್ಣೂದಿಲ್ಲ. ಅಕಿ ಉಣ್ಣದಿದ್ರ ಹೊಟ್ಟ್ಯಾಗಿನ ಜೀವ ಉಪವಾಸ. ಪದ್ಧತಿ ಮುರದ ಪಾಪ ನನಗ ಇರಲಿ. ಹೊತ್ತು ಮುಣಗಾಕತ್ತೈತಿ ನೋಡ್ರಿ.”

ಆ ತಾಯಿ ಪಡುವಣದ ಕಡೆ ನೋಡಿದಳು. ಕಾರ್ಖಾನೆಯ ಚಿಮಣಿಯ ಹಿಂದೆ ಸೂರ್ಯ ಅರ್ಧ ಇಳಿದಿದ್ದ. ಕೈ ತೊಳೆದು, ಅಳುತ್ತಲೇ ರೊಟ್ಟಿ ಮುರಿದಳು. ಒಳಗೆ ಕಾಕುವೂ ಉಂಡಳು. ಅಷ್ಟು ಗಡಿಬಿಡಿಯಲ್ಲಿ ನಮ್ಮ ಮನೆಯವರು ಉಂಡದ್ದನ್ನು ನಾನು ಬೇರೆಂದೂ ಕಂಡಿಲ್ಲ.

ಅಲ್ಲಿಂದ ಮುಂದೆ ಇಬ್ಬರು ಮುದುಕಿಯರೂ ಸೇರಿ ಕಾವಲು ಕಾದರು. ಬೆಳಿಗ್ಗೆ ಎದ್ದಕೂಡಲೇ ಕಾಕುವಿನ ಬೆನ್ನು, ಕುತ್ತಿಗೆ ತಪಾಸಣೆ. ಏನೂ ಇಲ್ಲವೆಂದರೆ ಇಬ್ಬರೂ ಒಟ್ಟಿಗೆ ಉಸಿರು ಬಿಡುತ್ತಿದ್ದರು. ಬರುವುದಿಲ್ಲವೇನೋ ಎಂದು ಎಲ್ಲರೂ ಹಗುರಾಗುತ್ತಿರುವಾಗ, ಅಪ್ಪ ಎದ್ದು ಓಡಾಡತೊಡಗಿ, ನಾನು ಸ್ನಾನ ಮಾಡಿ ಸಾಲೆಗೆ ಹೋಗಲು ಶುರು ಮಾಡಿದ ಮೇಲೆ, ಅವಳಿಗೆ ಜ್ವರ ಬಂತು. ದೊಡ್ಡವರಿಗೆ ಬಂದರೆ ಎಷ್ಟು ಕೆಟ್ಟದಾಗಿ ಬರುತ್ತದೆಂದು ಆಗ ನೋಡಿದೆ. ಮುಖ, ಗಂಟಲು, ಕಣ್ಣಿನ ರೆಪ್ಪೆಯನ್ನೂ ಬಿಡಲಿಲ್ಲ. ಆಯಿ ಅವಳ ತಲೆದೆಸೆಗೆ ಕುಳಿತು ಉಸಿರಿನ ಸದ್ದು ಆಲಿಸುತ್ತಿದ್ದಳು. ತಾಯಿ ಪದೇ ಪದೇ ಒಂದೇ ಮಾತು ಕೇಳುತ್ತಿದ್ದಳು, ಕೂಸು ಒದೀತೇನ? ಒಂದು ದಿನ ಮಧ್ಯಾಹ್ನದವರೆಗೂ ಒದೆಯಲಿಲ್ಲ. ನಾನು ಹಿತ್ತಲಿನ ಬಚ್ಚಲ ಹಿಂದೆ ಹೋಗಿ ನಿಂತೆ. ಎಲ್ಲ ನನ್ನಿಂದಲೇ ಆದದ್ದೆಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಆಮೇಲೆ ಒಳಗಿನಿಂದ ಇಬ್ಬರು ಮುದುಕಿಯರೂ ನಗುವುದು ಕೇಳಿಸಿತು. ಒದ್ದಿತ್ತು. ನಾನು ಅಲ್ಲೇ ಕುಳಿತು ಅತ್ತೆ.

ಗುಳ್ಳೆ ಉದುರಿದವು, ಜ್ವರ ಇಳಿಯಿತು. ಆದರೂ ಕೂಸು ಹೇಗಿದೆಯೋ ಎಂಬ ಭಯ ಹುಟ್ಟುವವರೆಗೂ ಹೋಗಲಿಲ್ಲ. ಪ್ರಯಾಣ ಬೇಡವೆಂದು ಡಾಕ್ಟರರು ಹೇಳಿದ್ದರಿಂದ ನಿಪ್ಪಾಣಿಯ ಮಾತು ಬಿಟ್ಟರು. ಹೆರಿಗೆ ನಮ್ಮೂರಲ್ಲೇ ಆಯಿತು. ಹೆಣ್ಣು ಕೂಸು. ಆಯಿ ಅದನ್ನು ಬಿಸಿಲಿಗೆ ಹಿಡಿದು ಕಿವಿಯ ಹಿಂದೆ, ಕಾಲ್ಬೆರಳ ಸಂದಿ, ಎಲ್ಲ ಕಡೆ ನೋಡಿದಳು. ಒಂದು ಕಲೆ ಇರಲಿಲ್ಲ. ಕಾಕುವಿನ ಮುಖದ ಮೇಲೆ ಮಾತ್ರ ಕೆಲವು ಉಳಿದವು.

ನನ್ನನ್ನು ಕೂಸಿನ ಹತ್ತಿರ ಬಿಡುತ್ತಿರಲಿಲ್ಲ. ಹೊರಗೆ ಆಡಿ ಬಂದ ಮಕ್ಕಳು ಬಾಣಂತಿಯ ಕೋಣೆಗೆ ಹೋಗಬಾರದೆಂದು ಆಯಿಯ ಹೊಸ ಕಾಯಿದೆ. ಬಾಗಿಲ ಹೊರಗೆ ಕುಳಿತು ಇಣುಕುವುದಷ್ಟೇ ನನ್ನ ಪಾಲಿಗೆ. ಒಂದು ಬೆಳಿಗ್ಗೆ ಆಯಿ ಕೂಸಿಗೆ ಎಣ್ಣೆ ಹಚ್ಚುತ್ತ ಇದ್ದಕ್ಕಿದ್ದಂತೆ ಕಾಕುವಿಗೆ, ನಿನ್ನ ಒಳಗ ಬಿಟ್ಟಾಕಿ ನಾನು, ನಿನ್ನ ಮುಖ ನೋಡಿದಾಗೆಲ್ಲ ನನ್ನ ಹೊಟ್ಟಿ ಉರೀತೈತಿ ಎಂದಳು. ಆಯಿ ಅಂಥ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕಾಕು ಕೈ ಚಾಚಿ ಕೂಸಿನ ಕಾಲ್ಬೆರಳು ಹಿಡಿದುಕೊಂಡಳು.

“ನಂಗ ಗೊತ್ತಿತ್ರಿ ಆಯಿ. ಸಿಕ್ಕಾ ಇದ್ದವ್ರಿಗೂ ನಿಪ್ಪಾಣ್ಯಾಗ ಬಂದಿದ್ದು ನಾ ನೋಡೀನಿ.”

ಆಯಿಯ ಕೈ ನಿಂತಿತು. “ಮತ್ತ ಯಾಕ ಹೋದಿ?”

“ಅವ್ವಾ ಅವ್ವಾ ಅಂತ ಒಬ್ಬಾಕೀನ ಅಳಾಕತ್ತಿದ್ಲಲ್ರಿ ಹುಡುಗಿ. ಅಕಿ ಅವ್ವ ಹೋಗಾಂಗಿರಲಿಲ್ಲ.”

ಈಗಲೂ ಆ ಮಾತು ನೆನಪಾದರೆ ಕಾಕುವಿನ ಮೇಲೆ ನನಗೆ ಸಿಟ್ಟೇ ಬರುತ್ತದೆ. ಹೊಟ್ಟೆಯಲ್ಲಿ ಜೀವ ಇಟ್ಟುಕೊಂಡು ಯಾರಾದರೂ ಹಾಗೆ ಮಾಡುತ್ತಾರೆಯೇ, ಹುಚ್ಚಿ! ಸಿಟ್ಟಿನ ಹಿಂದೆಯೇ ಕಣ್ಣು ತುಂಬುತ್ತದೆ. ಆಯಿಗೂ ಅವತ್ತು ಸಿಟ್ಟು ಬಂದಿತ್ತು, ಅವಳು ಎಣ್ಣೆಯ ಬಟ್ಟಲನ್ನು ದೂರ ತಳ್ಳಿದ್ದು ಬಾಗಿಲಲ್ಲಿದ್ದ ನನಗೆ ಕಂಡಿತು. ಇನ್ನೇನು ಬೈಗುಳ ಶುರುವಾಯಿತು ಎಂದು ಕಾದೆ.

ಆಯಿ ಬೈಯಲಿಲ್ಲ. ನನ್ನನ್ನು ಒಳಗೆ ಕರೆದಳು. ಕಾಲು ತೊಳೆದೆಯಾ ಎಂದೂ ಕೇಳಲಿಲ್ಲ. ಕಾಕುವಿನ ಪಕ್ಕದಲ್ಲಿ ಕೂರಿಸಿ, ಎಣ್ಣೆ ಹಚ್ಚಿದ ಕೂಸನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟಳು.